ಟ್ರೇ ಲ್ಯಾನ್ಸ್‌ಗಾಗಿ ಮೂರು ಫಸ್ಟ್ ರೌಂಡ್ ಪಿಕ್ ಕೊಟ್ಟ ಫಾರ್ಟಿನೈನರ್ಸ್ ಆಗ ಯಾಕೆ ಮುಳುಗಲಿಲ್ಲ, ಆಮೇಲೆ ಯಾಕೆ ಕುಸಿದರು?

ನಿಮ್ಮ ಪ್ರಶ್ನೆ ಇದು: "ಸಾಂಟಾ ಕ್ಲಾರಾಗೆ ಹೊಸದಾಗಿ ಬಂದಿದ್ದೇನೆ, ಐಪಿಎಲ್ ಹರಾಜು ಗೊತ್ತು, ಎನ್‌ಎಫ್‌ಎಲ್ ಡ್ರಾಫ್ಟ್ ತಲೆಗೆ ಹತ್ತುತ್ತಿಲ್ಲ. ಒಬ್ಬ ಹುಡುಗನಿಗೆ ಮೂರು ಫಸ್ಟ್ ರೌಂಡ್ ಪಿಕ್ ಸುರಿದು ಕೈಸುಟ್ಟುಕೊಂಡ ಟೀಮು ಸೂಪರ್ ಬೌಲ್‌ವರೆಗೆ ಹೋಗಿದ್ದು ಹೇಗೆ? ಮರುವರ್ಷವೇ 6-11 (6 ಗೆಲುವು, 11 ಸೋಲು) ಯಾಕೆ?"

ನನ್ನ ಉತ್ತರ: ನಿಮ್ಮ ಊರಲ್ಲೇ ಆಡುವ ಸ್ಯಾನ್ ಫ್ರಾನ್ಸಿಸ್ಕೊ ಫಾರ್ಟಿನೈನರ್ಸ್ ತಪ್ಪು ಮಾಡಿದ್ದು 2021ರಲ್ಲಿ, ಅದರ ಕಂತು ಕಟ್ಟುವುದು ಶುರುವಾಗಿದ್ದು 2024ರಲ್ಲಿ. ನಡುವಿನ ವರ್ಷಗಳನ್ನು ಒಬ್ಬ ಅಗ್ಗದ ಕ್ವಾರ್ಟರ್‌ಬ್ಯಾಕ್ (ಪಾಸ್ ಎಸೆದು ಆಟ ನಡೆಸುವವನು) ಮತ್ತು ಐದನೇ ಸುತ್ತಿನ ಹುಡುಗರು ದಾಟಿಸಿದರು.

ಮೊದಲು ಐಪಿಎಲ್‌ಗೂ ಇದಕ್ಕೂ ಇರುವ ವ್ಯತ್ಯಾಸ. ಅಲ್ಲಿ ಪರ್ಸ್‌ನಲ್ಲಿ ದುಡ್ಡಿದ್ದವರು ಕೂಗಿ ಕೊಳ್ಳುತ್ತಾರೆ. ಇಲ್ಲಿ ಕಾಲೇಜಿನಿಂದ ಬರುವ ಹೊಸ ಹುಡುಗರನ್ನು ಸರದಿ ಪ್ರಕಾರ ಆರಿಸುತ್ತಾರೆ; ಒಂದೊಂದು ಸರದಿಯೂ ಒಂದು ಪಿಕ್. 32 ಟೀಮು, 7 ಸುತ್ತು, ಹಿಂದಿನ ಸೀಸನ್‌ನಲ್ಲಿ ತೀರಾ ಸೋತವರಿಗೆ ಮೊದಲ ಸರದಿ, ಸೂಪರ್ ಬೌಲ್ ಗೆದ್ದವರಿಗೆ ಕೊನೆಯದು. ಸಂಬಳವೂ ಎಷ್ಟನೇ ನಂಬರಿಗೆ ಆಯ್ಕೆಯಾದ ಅನ್ನುವುದರ ಮೇಲೆ ಹೆಚ್ಚುಕಡಿಮೆ ನಿಗದಿ, ನಾಲ್ಕು ವರ್ಷಕ್ಕೆ. ಫಸ್ಟ್ ರೌಂಡ್‌ನವನನ್ನು ಮಾತ್ರ ಐದನೇ ವರ್ಷಕ್ಕೂ ಉಳಿಸಿಕೊಳ್ಳುವ ಹಕ್ಕು ಟೀಮಿಗಿದೆ. ಮೂರು ಸೀಸನ್ ಮುಗಿಯುವವರೆಗೆ ಆ ಒಪ್ಪಂದವನ್ನು ತಿದ್ದಿ ಹೆಚ್ಚು ದುಡ್ಡು ಕೊಡುವ ಹಾಗಿಲ್ಲ. ಈ ಕೊನೆಯ ನಿಯಮ ನೆನಪಿಟ್ಟುಕೊಳ್ಳಿ, ಇಡೀ ಕಥೆ ಅದರ ಮೇಲೆ ನಿಂತಿದೆ.

ಈಗ ಆ ವ್ಯವಹಾರ. 2021ರ ಮಾರ್ಚ್‌ನಲ್ಲಿ ಫಾರ್ಟಿನೈನರ್ಸ್ 12ನೇ ಪಿಕ್ ಜೊತೆಗೆ 2022 ಮತ್ತು 2023ರ ಫಸ್ಟ್ ರೌಂಡ್ ಪಿಕ್, 2022ರ ಒಂದು ಮೂರನೇ ಸುತ್ತಿನ ಪಿಕ್ ಇಷ್ಟನ್ನೂ ಮಯಾಮಿ ಡಾಲ್ಫಿನ್ಸ್‌ಗೆ ಕೊಟ್ಟು 3ನೇ ಪಿಕ್ ತಗೊಂಡರು, ಅದರಲ್ಲಿ ಕ್ವಾರ್ಟರ್‌ಬ್ಯಾಕ್ ಟ್ರೇ ಲ್ಯಾನ್ಸ್‌ನನ್ನು ಆರಿಸಿದರು. ಪಿಕ್‌ಗಳಿಗೆ ಬೆಲೆ ಕಟ್ಟುವ ಒಂದು ಹಳೇ ಪಟ್ಟಿ ಇದೆ, ಡಲ್ಲಾಸ್ ಕೋಚ್ ಆಗಿದ್ದ ಜಿಮ್ಮಿ ಜಾನ್ಸನ್ ಹೆಸರಿನದು. ಅದರಲ್ಲಿ 3ನೇ ಪಿಕ್‌ಗೆ 2200 ಅಂಕ, 12ನೇದಕ್ಕೆ 1200. ಕೊಟ್ಟ ಎರಡು ಫಸ್ಟ್ ರೌಂಡ್ ಪಿಕ್‌ಗಳೂ ಕೊನೆಗೆ 29ನೇ ಸ್ಥಾನಕ್ಕೆ ಬಂದವು, ತಲಾ 640. ಮೂರನೇ ಸುತ್ತಿನದು 102ನೇದು, ಅಂದರೆ 92. ಕೂಡಿದರೆ 2572. ಅಂಕದ ಲೆಕ್ಕದಲ್ಲಿ ದುಬಾರಿಯೇ, ಆದರೆ ಹುಚ್ಚಾಟ ಅನ್ನುವಷ್ಟಲ್ಲ. ಕ್ವಾರ್ಟರ್‌ಬ್ಯಾಕ್‌ಗೆ ಎಲ್ಲರೂ ಹೆಚ್ಚೇ ಕೊಡುತ್ತಾರೆ. ತಪ್ಪಾಗಿದ್ದು ಆಟಗಾರನ ಅಂದಾಜಿನಲ್ಲಿ. ಲ್ಯಾನ್ಸ್ ಕಾಲೇಜಿನಲ್ಲಿ ಎಸೆದದ್ದೇ ಒಟ್ಟು 318 ಪಾಸ್. 2019ರ ಒಂದು ಸೀಸನ್ ಚೆನ್ನಾಗಿತ್ತು, 28 ಟಚ್‌ಡೌನ್, ಒಂದೂ ಇಂಟರ್‌ಸೆಪ್ಷನ್ (ಎದುರಾಳಿ ಹಿಡಿದ ಪಾಸ್) ಇಲ್ಲ. 2020ರಲ್ಲಿ ಕೋವಿಡ್‌ನಿಂದ ಆಡಿದ್ದು ಒಂದೇ ಪಂದ್ಯ. ಇಷ್ಟು ಕಡಿಮೆ ಆಡಿದವನಿಗೆ ಬೇಕಾಗಿದ್ದು ಮೈದಾನದಲ್ಲಿ ಸಮಯ; ಅದೇ ಸಿಗಲಿಲ್ಲ. ಮೊದಲ ವರ್ಷ ಆಗಿನ ಕ್ವಾರ್ಟರ್‌ಬ್ಯಾಕ್ ಜಿಮ್ಮಿ ಗರೊಪೊಲೊ ಹಿಂದೆ ಬೆಂಚು, 2022ರ ಎರಡನೇ ವಾರ ಕಣಕಾಲು ಮುರಿತ, 2023ರ ಆಗಸ್ಟ್‌ನಲ್ಲಿ ಒಂದು ನಾಲ್ಕನೇ ಸುತ್ತಿನ ಪಿಕ್‌ಗೆ ಡಲ್ಲಾಸ್‌ಗೆ ರವಾನೆ. ಇಲ್ಲಿ ಸ್ಟಾರ್ಟ್ ಮಾಡಿದ್ದು (ಶುರುವಿನಿಂದಲೇ ಕಣಕ್ಕಿಳಿದದ್ದು) ಬರೀ 4 ಪಂದ್ಯ.

ಕೈಬಿಟ್ಟ ಪಿಕ್ ಎಲ್ಲೆಲ್ಲಿ ಸುತ್ತಿತು ಅಂತ ಹಿಂಬಾಲಿಸಿ ನೋಡಿ, ಹೊಟ್ಟೆ ಉರಿಯುತ್ತದೆ. 2022ರ ಆ 29ನೇ ಪಿಕ್ಕನ್ನು ಮಯಾಮಿಯವರು ಟೈರಿಕ್ ಹಿಲ್‌ಗಾಗಿ ಕಾನ್ಸಾಸ್ ಸಿಟಿ ಚೀಫ್ಸ್‌ಗೆ ಕೊಟ್ಟರು. ಚೀಫ್ಸ್ ಅದಕ್ಕೆ 94 ಮತ್ತು 121ನೇ ಪಿಕ್ ಸೇರಿಸಿ ನ್ಯೂ ಇಂಗ್ಲೆಂಡ್‌ನಿಂದ 21ನೇ ಸರದಿ ಪಡೆದು ಕಾರ್ನರ್‌ಬ್ಯಾಕ್ (ಎದುರಾಳಿಯ ಪಾಸ್ ತಡೆಯುವವನು) ಟ್ರೆಂಟ್ ಮೆಕ್‌ಡಫಿಯನ್ನು ಆರಿಸಿಕೊಂಡರು. 2024ರ ಫೆಬ್ರವರಿ 11, ಲಾಸ್ ವೇಗಸ್, ಇದೇ ಚೀಫ್ಸ್ ವಿರುದ್ಧ ಸೂಪರ್ ಬೌಲ್, ನಾಲ್ಕನೇ ಕ್ವಾರ್ಟರ್‌ನಲ್ಲಿ ಉಳಿದಿದ್ದು ಎರಡೇ ನಿಮಿಷ, ಸ್ಕೋರು 16-16, ನಮ್ಮವರಿಗೆ ಮೂರನೇ ಡೌನ್ (10 ಯಾರ್ಡ್ ದಾಟಲು ಸಿಗುವ ನಾಲ್ಕು ಯತ್ನಗಳಲ್ಲಿ ಮೂರನೇದು), ಬೇಕಾಗಿದ್ದು 5 ಯಾರ್ಡ್. ಅದು ಸಿಕ್ಕಿದ್ದರೆ ಗಡಿಯಾರ ಓಡಿಸಿ ಕೊನೇ ಗಳಿಗೆಯಲ್ಲಿ ಕಿಕ್ ಹೊಡೆದು ಮುಗಿಸಬಹುದಿತ್ತು. ಆಗ ಅಂಚಿನಿಂದ ಬ್ಲಿಟ್ಜ್ ಆಗಿ, ಅಂದರೆ ಕ್ವಾರ್ಟರ್‌ಬ್ಯಾಕ್ ಮೇಲೇ ನುಗ್ಗಿ ಬಂದು ನಮ್ಮ ಕ್ವಾರ್ಟರ್‌ಬ್ಯಾಕ್ ಪರ್ಡಿಯ ಪಾಸ್‌ಗೆ ಕೈ ತಾಗಿಸಿದವನು ಇದೇ ಮೆಕ್‌ಡಫಿ. ಓವರ್‌ಟೈಮ್‌ನಲ್ಲಿ 25-22ಕ್ಕೆ ಸೋತರು.

ಹಾಗಾದರೆ ಅಲ್ಲಿಯವರೆಗೆ ಹೋಗಿದ್ದು ಹೇಗೆ? ಬ್ರಾಕ್ ಪರ್ಡಿ. 2022ರ ಡ್ರಾಫ್ಟ್‌ನ ಕಟ್ಟಕಡೆಯ ಪಿಕ್, 262ನೇದು. ಅಯೋವಾ ಸ್ಟೇಟ್‌ನಲ್ಲಿ ನಾಲ್ಕು ವರ್ಷ ಸ್ಟಾರ್ಟರ್ ಆಗಿದ್ದವನು, ಅಂದರೆ ಲ್ಯಾನ್ಸ್‌ಗೆ ಇಲ್ಲದ್ದು ಇವನಿಗಿತ್ತು. ಆ ಆಗಸ್ಟ್ ಕೊನೆಯಲ್ಲಿ 53 ಜನರ ಪಟ್ಟಿಗೆ ಇಳಿಸುವಾಗ ಅನುಭವಿ ನೇಟ್ ಸಡ್‌ಫೆಲ್ಡ್‌ನನ್ನು ಬಿಟ್ಟು ಇವನನ್ನು ಮೂರನೇ ಕ್ವಾರ್ಟರ್‌ಬ್ಯಾಕ್ ಆಗಿ ಉಳಿಸಿಕೊಂಡರು. ಇದು ಸಣ್ಣ ನಿರ್ಧಾರ ಅಲ್ಲ. ಕೈಬಿಟ್ಟ ಹೊಸ ಹುಡುಗ ವೇವರ್ಸ್‌ಗೆ ಹೋಗುತ್ತಾನೆ, ಅಲ್ಲಿ ಬೇರೆ ಯಾವ ಟೀಮು ಬೇಕಾದರೂ ಎತ್ತಿಕೊಳ್ಳಬಹುದು. ಯಾರೂ ಎತ್ತದಿದ್ದರೆ ಮಾತ್ರ 16 ಜನರ ಪ್ರಾಕ್ಟೀಸ್ ಸ್ಕ್ವಾಡ್‌ಗೆ ವಾಪಸ್ ತರಬಹುದು. ಡಿಸೆಂಬರ್‌ನಲ್ಲಿ ಗರೊಪೊಲೊ ಪಾದ ಮುರಿದುಕೊಂಡ, ಪರ್ಡಿ ಇಳಿದ. 2023ರಲ್ಲಿ 4,280 ಯಾರ್ಡ್, 31 ಟಚ್‌ಡೌನ್. ಆ ವರ್ಷ ಪ್ರತಿ ಟೀಮಿನ ಸ್ಯಾಲರಿ ಕ್ಯಾಪ್ (ಒಟ್ಟು ಸಂಬಳದ ಮಿತಿ) 22.48 ಕೋಟಿ ಡಾಲರ್, ಅದರಲ್ಲಿ ಪರ್ಡಿಗೆ ಹೋಗಿದ್ದು 10 ಲಕ್ಷ ಡಾಲರಿಗೂ ಕಡಿಮೆ. ಮೂರು ಸೀಸನ್ ಆಗುವವರೆಗೆ ಹೆಚ್ಚು ಕೊಡುವ ಹಾಗೂ ಇರಲಿಲ್ಲ. ಮಿಕ್ಕ ದುಡ್ಡಿನಲ್ಲಿ ಬೋಸಾ, ಟ್ರೆಂಟ್ ವಿಲಿಯಮ್ಸ್, ಮೆಕ್‌ಕ್ಯಾಫ್ರಿ, ವಾರ್ನರ್, ಕಿಟಲ್ ಥರದ ದುಬಾರಿ ಆಟಗಾರರನ್ನೆಲ್ಲ ಒಟ್ಟಿಗೆ ಸಾಕಿದರು.

ಈ ಟೀಮಿನ ಸ್ಕೌಟಿಂಗ್ ಬಗ್ಗೆ ನನಗಿರುವ ಗೌರವವೆಲ್ಲ ಐದನೇ ಸುತ್ತಿನದು. ಕಿಟಲ್ 146ನೇ ಪಿಕ್, ಗ್ರೀನ್‌ಲಾ 148, ಲೆನ್ವಾರ್ 172, ಹುಫಾಂಗಾ 180. ಇದು ಅದೃಷ್ಟ ಅಲ್ಲ. ಕೋಚ್ ಕೈಲ್ ಶಾನಹನ್ ಆಟಕ್ಕೆ ಬ್ಲಾಕ್ ಮಾಡಬಲ್ಲ, ಅಂದರೆ ಎದುರಾಳಿಯನ್ನು ಮೈಯಿಂದ ತಡೆಯಬಲ್ಲ ಟೈಟ್ ಎಂಡ್ (ಲೈನಿನ ತುದಿಯಲ್ಲಿ ನಿಂತು ಕ್ಯಾಚ್ ಕೂಡ ಹಿಡಿಯುವವನು) ಬೇಕು. ಅಯೋವಾದಲ್ಲಿ ಕಿಟಲ್ ಹಿಡಿದದ್ದು ಬರೀ 48 ಕ್ಯಾಚ್, ಹಾಗಾಗಿ ಅಂಕಿ ನೋಡುವವರು ಕೆಳಗೆ ತಳ್ಳಿದರು. ಬ್ಲಾಕಿಂಗ್ ನೋಡಿದವರಿಗೆ ಅಗ್ಗದಲ್ಲಿ ಸಿಕ್ಕ. ಲೈನ್‌ಬ್ಯಾಕರ್‌ಗಳದ್ದೂ (ಡಿಫೆನ್ಸಿವ್ ಲೈನಿನ ಹಿಂದೆ ನಿಲ್ಲುವವರು) ಇದೇ ಲೆಕ್ಕ: ಮೈತೂಕಕ್ಕಿಂತ ಓಟ ನೋಡುತ್ತಾರೆ.

ಮೂರನೇ ಸುತ್ತು ಬಂದರೆ ಮಾತ್ರ ಕೈ ನಡುಗುತ್ತದೆ. ವಾರ್ನರ್ 70ನೇ ಪಿಕ್, ಒಪ್ಪಿದೆ, ಅದು 2018. ಆಮೇಲೆ? 2021ರಲ್ಲಿ ಎರಡು ನಾಲ್ಕನೇ ಸುತ್ತಿನ ಪಿಕ್ ಕೊಟ್ಟು ಮೇಲೆ ಹತ್ತಿ 88ಕ್ಕೆ ರನ್ನಿಂಗ್ ಬ್ಯಾಕ್ (ಚೆಂಡು ಹಿಡಿದು ಓಡುವವನು) ಟ್ರೇ ಸರ್ಮನ್‌ನನ್ನು ತಂದರು. ಅದೇ ಡ್ರಾಫ್ಟ್‌ನಲ್ಲಿ ಆರನೇ ಸುತ್ತಿನ 194ಕ್ಕೆ ಸಿಕ್ಕ ಎಲೈಜಾ ಮಿಚೆಲ್ ಆ ವರ್ಷ 963 ಯಾರ್ಡ್ ಓಡಿದ; ಸರ್ಮನ್ ಮರುವರ್ಷ ಟೀಮಿನಲ್ಲೇ ಇಲ್ಲ. 2022ರಲ್ಲಿ 93ಕ್ಕೆ ಮತ್ತೊಬ್ಬ ರನ್ನಿಂಗ್ ಬ್ಯಾಕ್, ಅವನೂ ನಿಲ್ಲಲಿಲ್ಲ. 2023ರಲ್ಲಿ 99ಕ್ಕೆ ಕಿಕ್ಕರ್ ಜೇಕ್ ಮೂಡಿ. ಸೂಪರ್ ಬೌಲ್‌ನಲ್ಲಿ 55 ಯಾರ್ಡಿನ ಕಿಕ್ ಹಾಕಿದ, ನಿಜ. ಆದರೆ ನಾಲ್ಕನೇ ಕ್ವಾರ್ಟರ್‌ನಲ್ಲಿ ಅವನ ಎಕ್ಸ್‌ಟ್ರಾ ಪಾಯಿಂಟ್ (ಟಚ್‌ಡೌನ್ ಆದಮೇಲಿನ ಒಂದು ಅಂಕದ ಕಿಕ್) ಬ್ಲಾಕ್ ಆಗಿ 17-13 ಆಗಬೇಕಾದದ್ದು 16-13 ಆಯಿತು, ಚೀಫ್ಸ್‌ಗೆ 3 ಅಂಕದ ಫೀಲ್ಡ್ ಗೋಲ್ ಒಂದೇ ಸಾಕಾಯಿತು ಸಮ ಮಾಡಲು. 2025ರ ಮೊದಲ ಪಂದ್ಯ ಮುಗಿದ ಕೂಡಲೇ ಅವನನ್ನು ಕೈಬಿಟ್ಟರು. ಕಿಕ್ಕರ್‌ಗೆ ಮೂರನೇ ಸುತ್ತಿನ ಪಿಕ್ ಖರ್ಚು ಮಾಡಬಾರದು, ಈ ವಿಷಯದಲ್ಲಿ ನಾನು ಯಾರ ಜೊತೆಗೂ ರಾಜಿ ಆಗುವುದಿಲ್ಲ.

ಇನ್ನು 6-11. ಗಾಯಗಳು ಇದ್ದವು, ಆದರೆ ಗಾಯ ಮುಚ್ಚಲು ಬೇಕಾದವರೇ ಇರಲಿಲ್ಲ. 2022 ಮತ್ತು 2023ರ ಎರಡು ಫಸ್ಟ್ ರೌಂಡ್ ಆಟಗಾರರು ಇದ್ದಿದ್ದರೆ 2024ರಲ್ಲಿ ಅವರಿಗೆ ಎರಡನೇ, ಮೂರನೇ ವರ್ಷ: ಕೆಲಸ ಕಲಿತಿರುತ್ತಾರೆ, ಸಂಬಳ ಇನ್ನೂ ಕಡಿಮೆ. ಆ ಜಾಗದಲ್ಲಿ ಖಾಲಿ. ಹಳಬರಿಗೆ ಬಿಡುವು ಕೊಡುವ ಕೈಗಳಿರಲಿಲ್ಲ. 2025ರ ಮೇನಲ್ಲಿ ಪರ್ಡಿಗೆ 5 ವರ್ಷಕ್ಕೆ 26.5 ಕೋಟಿ ಡಾಲರ್ ಒಪ್ಪಂದ ಆಯಿತು. ಅದಕ್ಕೂ ಮೊದಲೇ ಹುಫಾಂಗಾ, ಗ್ರೀನ್‌ಲಾ ಡೆನ್ವರ್‌ಗೆ, ಚಾರ್ವೇರಿಯಸ್ ವಾರ್ಡ್ ಇಂಡಿಯಾನಾಪೊಲಿಸ್‌ಗೆ, ಆರನ್ ಬ್ಯಾಂಕ್ಸ್ ಗ್ರೀನ್ ಬೇಗೆ ಹೋಗಿದ್ದರು. ಡೀಬೋ ಸ್ಯಾಮ್ಯುಯೆಲ್‌ನನ್ನು ಐದನೇ ಸುತ್ತಿನ ಒಂದು ಪಿಕ್‌ಗೆ ವಾಷಿಂಗ್ಟನ್‌ಗೆ ಕೊಟ್ಟರು.

ಕ್ಯಾಪ್ ಬಗ್ಗೆ ಒಂದು ಮಾತು, ಹೊಸಬರು ಎಡವುವುದು ಇಲ್ಲೇ. ಸಹಿ ಬೋನಸ್ 5 ಕೋಟಿ ಅಂದುಕೊಳ್ಳಿ. ಆಟಗಾರನ ಕೈಗೆ ಪೂರ್ತಿ ಹೋದರೂ ಕ್ಯಾಪ್ ಲೆಕ್ಕದಲ್ಲಿ ಅದನ್ನು ಐದು ವರ್ಷಕ್ಕೆ ಹಂಚಬಹುದು, ವರ್ಷಕ್ಕೆ 1 ಕೋಟಿ. ಎರಡು ವರ್ಷ ಆದಮೇಲೆ ಅವನನ್ನು ಬಿಟ್ಟರೆ ಉಳಿದ 3 ಕೋಟಿ ಲೆಕ್ಕಕ್ಕೆ ಬಂದು ಕೂರುತ್ತದೆ, ಆಟಗಾರ ಇಲ್ಲದೆ. ಇದಕ್ಕೆ ಡೆಡ್ ಮನಿ ಅನ್ನುತ್ತಾರೆ. "ಅವನನ್ನು ಬಿಟ್ಟು ದುಡ್ಡು ಉಳಿಸಲಿ" ಅಂತ ಯಾರಾದರೂ ಅಂದರೆ ಮೊದಲು ಈ ಸಂಖ್ಯೆ ಕೇಳಿ.

ರೋಸ್ಟರ್ (ಟೀಮಿನ ಆಟಗಾರರ ಪಟ್ಟಿ) ಅಳೆಯಲು ಒಂದು ಹಾಳೆ ಸಾಕು. 53 ಹೆಸರನ್ನು ಸ್ಥಾನದ ಪ್ರಕಾರ ಬರೆಯಿರಿ: ಕ್ವಾರ್ಟರ್‌ಬ್ಯಾಕ್ 2 ಅಥವಾ 3, ಆಫೆನ್ಸಿವ್ ಲೈನ್ (ಕ್ವಾರ್ಟರ್‌ಬ್ಯಾಕ್‌ನನ್ನು ಕಾಯುವವರು) ಸುಮಾರು 9, ಡಿಫೆನ್ಸಿವ್ ಲೈನ್ 9-10, ಸೆಕೆಂಡರಿ (ಹಿಂದೆ ನಿಂತು ಪಾಸ್ ತಡೆಯುವವರು) 10ರ ಆಸುಪಾಸು, ಹೀಗೆ. ಪ್ರತಿ ಹೆಸರಿನ ಮುಂದೆ ವಯಸ್ಸು ಮತ್ತು ಒಪ್ಪಂದ ಮುಗಿಯುವ ವರ್ಷ. 30 ದಾಟಿದ ಸ್ಟಾರ್ಟರ್ ಹಿಂದೆ ಮೊದಲ ಒಪ್ಪಂದದಲ್ಲಿರುವ ಹುಡುಗ ಇಲ್ಲದಿದ್ದರೆ ಅಲ್ಲಿ ಪೆನ್ನಿನಲ್ಲಿ ವೃತ್ತ ಎಳೆಯಿರಿ. ಮುಂದಿನ ಡ್ರಾಫ್ಟ್‌ನಲ್ಲಿ ಟೀಮು ಏನು ಮಾಡಬೇಕು ಅನ್ನುವುದು ನಿಮಗೇ ಕಾಣುತ್ತದೆ.

2025ರ ಡ್ರಾಫ್ಟ್ ಆದಮೇಲೆ ಈ ಹಾಳೆ ಬರೆದರೆ ಡಿಫೆನ್ಸ್ ಕಡೆಯ ವೃತ್ತಗಳು ಕಡಿಮೆಯಾಗಿವೆ. ಒಟ್ಟು 11 ಪಿಕ್, ಮೊದಲ ಐದೂ ಡಿಫೆನ್ಸ್‌ಗೇ: 11ಕ್ಕೆ ಮೈಕೆಲ್ ವಿಲಿಯಮ್ಸ್, 43ಕ್ಕೆ ಆಲ್ಫ್ರೆಡ್ ಕಾಲಿನ್ಸ್, ಆಮೇಲೆ ನಿಕ್ ಮಾರ್ಟಿನ್, ಅಪ್ಟನ್ ಸ್ಟೌಟ್, ಸಿ.ಜೆ. ವೆಸ್ಟ್. ಸರಿಯಾದ ಕ್ರಮ ಅಂತಲೇ ನನ್ನ ಅಭಿಪ್ರಾಯ. ಆದರೆ ಎಡ ಟ್ಯಾಕಲ್ (ಆಫೆನ್ಸಿವ್ ಲೈನಿನ ಎಡ ತುದಿ ಕಾಯುವವನು) ಟ್ರೆಂಟ್ ವಿಲಿಯಮ್ಸ್ 1988ರಲ್ಲಿ ಹುಟ್ಟಿದವನು, ಮತ್ತು ಆ 11ರಲ್ಲಿ ಆಫೆನ್ಸಿವ್ ಲೈನಿಗೆ ಬಂದವನು ಏಳನೇ ಸುತ್ತಿನ ಗಾರ್ಡ್ (ಟ್ಯಾಕಲ್‌ನ ಒಳಬದಿಗೆ ನಿಲ್ಲುವವನು) ಕಾನರ್ ಕೋಲ್ಬಿ ಒಬ್ಬನೇ. 2018ರಲ್ಲಿ 9ನೇ ಪಿಕ್‌ಗೆ ಮೆಕ್‌ಗ್ಲಿಂಚಿಯನ್ನು ತಂದಮೇಲೆ ಅಲ್ಲಿಯವರೆಗೆ ಫಸ್ಟ್ ರೌಂಡ್‌ನಲ್ಲಿ ಒಬ್ಬ ಟ್ಯಾಕಲ್‌ನನ್ನೂ ಮುಟ್ಟಿರಲಿಲ್ಲ. ಸೂಪರ್ ಬೌಲ್ ಓವರ್‌ಟೈಮ್‌ನಲ್ಲಿ ಮೂರನೇ ಡೌನ್‌ಗೆ 4 ಯಾರ್ಡ್ ಬೇಕಿದ್ದಾಗ ಚೀಫ್ಸ್‌ನ ಕ್ರಿಸ್ ಜೋನ್ಸ್ ಯಾರ ತಡೆಯೂ ಇಲ್ಲದೆ ಪರ್ಡಿಯ ಮೇಲೆ ಬಂದದ್ದನ್ನು ಮತ್ತೊಮ್ಮೆ ಹಾಕಿಕೊಂಡು ನೋಡಿ. ಎಂಡ್ ಝೋನ್‌ನಲ್ಲಿ (ಟಚ್‌ಡೌನ್ ಸಿಗುವ ಜಾಗ) ನಮ್ಮ ಜೆನಿಂಗ್ಸ್ ಬಿಡುವಾಗಿದ್ದ. ಚೆಂಡು ಅವನಿಗೆ ಎಟುಕಲಿಲ್ಲ.