ಲೂಪಸ್ ಇದ್ದವರಿಗೆ ಕಿಡ್ನಿ ಕಸಿ: ಹೆಪ್ಪುಗಟ್ಟಿಸುವ ಪ್ರತಿಕಾಯದ ಪ್ರಶ್ನೆ

ಪ್ರಶ್ನೆ: ನನ್ನ ಪತ್ನಿಗೆ 34 ವರ್ಷ. ರೋಗನಿರೋಧಕ ವ್ಯವಸ್ಥೆ ತನ್ನದೇ ದೇಹದ ಮೇಲೆ ಎರಗುವ ಲೂಪಸ್ ಕಾಯಿಲೆಯಿಂದ ಎರಡೂ ಕಿಡ್ನಿಗಳು ಕೆಲಸ ನಿಲ್ಲಿಸಿದ್ದು, ವಾರಕ್ಕೆರಡು ಸಲ ಗದಗದಿಂದ ಹುಬ್ಬಳ್ಳಿಗೆ ಹೋಗಿ ಡಯಾಲಿಸಿಸ್ ಮಾಡಿಸುತ್ತಿದ್ದೇವೆ. ಅವಳ ತಾಯಿ ಕಿಡ್ನಿ ಕೊಡಲು ಸಿದ್ಧರಿದ್ದಾರೆ, ಕ್ರಾಸ್‌ಮ್ಯಾಚ್ (ದಾನಿಗೂ ರೋಗಿಗೂ ಹೊಂದುತ್ತದೆಯೇ ಎಂದು ನೋಡುವ ರಕ್ತಪರೀಕ್ಷೆ) ಕೂಡ ಸರಿಹೊಂದಿದೆ. ಆದರೆ ರಕ್ತದಲ್ಲಿ ಆಂಟಿಫಾಸ್ಫೋಲಿಪಿಡ್ ಪ್ರತಿಕಾಯ ಕಂಡುಬಂದಿದ್ದು, ಹೊಸ ಕಿಡ್ನಿಯನ್ನು ದೇಹ ತಿರಸ್ಕರಿಸುತ್ತದೆಂದು ಬಂಧುಗಳು ಹೆದರಿಸುತ್ತಿದ್ದಾರೆ. ಕಸಿಯ ಯೋಚನೆ ಬಿಡಬೇಕೆ?
– ಓದುಗರೊಬ್ಬರು, ಗದಗ

ಉತ್ತರ: ಇದೊಂದೇ ಕಾರಣಕ್ಕೆ ಬಿಡಬೇಕಿಲ್ಲ. ನಿಮ್ಮ ಬಂಧುಗಳು ಎರಡು ಬಗೆಯ ಪ್ರತಿಕಾಯಗಳನ್ನು ಒಂದೇ ಎಂದು ಭಾವಿಸಿದಂತಿದೆ. ಕಿಡ್ನಿಯನ್ನು ತಿರಸ್ಕರಿಸುವವು ಮುಖ್ಯವಾಗಿ ದಾನಿಯ ಅಂಗಾಂಶದ ಗುರುತುಗಳ ವಿರುದ್ಧ ಹುಟ್ಟಿದ ಪ್ರತಿಕಾಯಗಳು. ಕ್ರಾಸ್‌ಮ್ಯಾಚ್ ಹುಡುಕುವುದು ಅವನ್ನು. ನಿಮ್ಮ ಪತ್ನಿಯಲ್ಲಿ ಕಂಡದ್ದು ರಕ್ತವನ್ನು ಅಕಾಲದಲ್ಲಿ ಹೆಪ್ಪುಗಟ್ಟಿಸಬಲ್ಲದ್ದು. ಕಸಿಯಾದ ಮೊದಲ ದಿನಗಳಲ್ಲಿ, ಹೊಸದಾಗಿ ಹೊಲಿದು ಜೋಡಿಸಿದ ರಕ್ತನಾಳದಲ್ಲಿ ಹೆಪ್ಪು ಕೂತರೆ, ಎಷ್ಟೇ ಚೆನ್ನಾಗಿ ಹೊಂದಿದ ಕಿಡ್ನಿಯೂ ರಕ್ತ ಸಿಗದೆ ಹಾಳಾಗುತ್ತದೆ.

ಆದರೆ ಈ ಪ್ರತಿಕಾಯ ಇರುವವರೆಲ್ಲರಿಗೂ ಹಾಗಾಗುವುದಿಲ್ಲ. ಲೂಪಸ್ ರೋಗಿಗಳಲ್ಲಿ ಸುಮಾರು ಮೂರನೆಯ ಒಂದು ಭಾಗದಷ್ಟು ಜನರಲ್ಲಿ ಇದು ಕಾಣಿಸುತ್ತದೆ. ಅವರಲ್ಲಿ ಹಲವರಿಗೆ ಎಂದೂ ಹೆಪ್ಪುಗಟ್ಟಿರುವುದಿಲ್ಲ. ಹಾಗಾಗಿ ವರದಿಯಷ್ಟೇ ಹಿಂದಿನ ಇತಿಹಾಸವೂ ಮುಖ್ಯ: ಕಾಲಿನಲ್ಲಿ ಅಥವಾ ಶ್ವಾಸಕೋಶದಲ್ಲಿ ಹೆಪ್ಪು, ಪಾರ್ಶ್ವವಾಯು, ಪದೇ ಪದೇ ಮುಚ್ಚಿಹೋಗುವ ಡಯಾಲಿಸಿಸ್ ಫಿಸ್ಟುಲಾ (ಡಯಾಲಿಸಿಸ್ ಸೂಜಿಗಾಗಿ ಕೈಯ ಎರಡು ರಕ್ತನಾಳಗಳನ್ನು ಜೋಡಿಸಿ ಮಾಡಿದ ದಾರಿ), ಮತ್ತೆ ಮತ್ತೆ ಗರ್ಭಪಾತ. ಕೊನೆಯದನ್ನು ಮನೆಯವರ ಎದುರು ಹೇಳಲು ನಮ್ಮ ಕಡೆಯ ಹೆಣ್ಣುಮಕ್ಕಳು ಹಿಂಜರಿಯುತ್ತಾರೆ, ಆದ್ದರಿಂದ ವೈದ್ಯರೊಡನೆ ಅವರೊಬ್ಬರೇ ಮಾತನಾಡಲು ಅವಕಾಶ ಮಾಡಿಕೊಡಿ.

ಪರೀಕ್ಷೆಯನ್ನು ಕನಿಷ್ಠ 12 ವಾರಗಳ ಅಂತರದಲ್ಲಿ ಮತ್ತೊಮ್ಮೆ ಮಾಡಿಸಬೇಕು, ಏಕೆಂದರೆ ಸೋಂಕು ಬಂದಾಗಲೂ ಇದು ತಾತ್ಕಾಲಿಕವಾಗಿ ಪಾಸಿಟಿವ್ ಬರುವುದುಂಟು. ಡಯಾಲಿಸಿಸ್‌ನಲ್ಲಿ ಕೊಡುವ, ಹೆಪ್ಪುಗಟ್ಟದಂತೆ ತಡೆಯುವ ಹೆಪಾರಿನ್ ಔಷಧ, ಈ ಪ್ರತಿಕಾಯಗಳನ್ನು ಹುಡುಕುವ ಪರೀಕ್ಷೆಗಳಲ್ಲೊಂದಾದ ‘ಲೂಪಸ್ ಆಂಟಿಕೋಆಗ್ಯುಲಂಟ್’ ಪರೀಕ್ಷೆಯನ್ನು ಕೆಡಿಸಬಲ್ಲದು; ಯಂತ್ರಕ್ಕೆ ಜೋಡಿಸುವ ಮೊದಲೇ ರಕ್ತ ತೆಗೆಯಲು ಹೇಳಿ. (ಹೆಪ್ಪುಗಟ್ಟುವುದನ್ನು ತಡೆಯುವುದು ಎಂಬ ಅರ್ಥದ ಈ ಹೆಸರು ಪ್ರಯೋಗಾಲಯದ ನಳಿಕೆಗೆ ಮಾತ್ರ ಸರಿ; ದೇಹದಲ್ಲಿ ಅದು ಮಾಡುವುದು ತದ್ವಿರುದ್ಧ ಕೆಲಸ.)

ಹಿಂದೆ ಹೆಪ್ಪುಗಟ್ಟಿದ್ದರೆ ಶಸ್ತ್ರಚಿಕಿತ್ಸೆಯ ಹೊತ್ತಿನಲ್ಲಿ ಹೆಪಾರಿನ್, ಅನಂತರ ಸಾಮಾನ್ಯವಾಗಿ ಜೀವನಪರ್ಯಂತ ಹೆಪ್ಪು ತಡೆಯುವ ವಾರ್ಫರಿನ್ ಮಾತ್ರೆ ಬೇಕಾಗುತ್ತದೆ. ರಕ್ತಸ್ರಾವದ ಅಪಾಯ ಇದ್ದೇ ಇರುತ್ತದೆ, ಕಸಿ ಕಿಡ್ನಿಯ ಬಯಾಪ್ಸಿ ಬೇಕಾದಾಗ ಮಾತ್ರೆ ನಿಲ್ಲಿಸುವ ಲೆಕ್ಕಾಚಾರವೂ ಸೂಕ್ಷ್ಮವಾದದ್ದು. ಹೆಪ್ಪಿನ ಇತಿಹಾಸವೇ ಇಲ್ಲದಿದ್ದರೆ ಶಸ್ತ್ರಚಿಕಿತ್ಸೆಯ ದಿನಗಳ ಮುನ್ನೆಚ್ಚರಿಕೆ ಸಾಕಾಗಬಹುದು. ಆ ತೀರ್ಮಾನವನ್ನು ಕಸಿ ತಂಡ ಮತ್ತು ರಕ್ತರೋಗ ತಜ್ಞರು ಕೂಡಿ ಮಾಡಲಿ.

ಲೂಪಸ್ ಶಾಂತವಾದ ಮೇಲೆಯೇ ಕಸಿಗೆ ಹೋಗಬೇಕು. ಎಎನ್‌ಎ (ಲೂಪಸ್ ಪತ್ತೆಗೆ ಮಾಡುವ ಪ್ರತಿಕಾಯ ಪರೀಕ್ಷೆ) ಪಾಸಿಟಿವ್ ಇದೆ ಎಂಬುದಷ್ಟೇ ಅದಕ್ಕೆ ಅಡ್ಡಿಯಲ್ಲ.