ಹುಡ್ಕೋದು ಒಂದ್ ಕಡೆ, ದುಡ್ಡು ಕಟ್ಟೋದು ಇನ್ನೊಂದ್ ಕಡೆ

ಪ್ಯಾರಿಸ್, ಮ್ಯೂನಿಕ್, ವೆನಿಸ್, ರೋಮ್ ಅಂತ ಪ್ಲಾನ್ ಹಾಕಿದೀನಿ, ಟ್ರೇನ್ ಟಿಕೆಟ್‌ಗೆ ಓಮಿಯೋ, ಟ್ರೈನ್‌ಲೈನ್ ಥರ ಬೇರೆಬೇರೆ ರೈಲ್ವೇ ಟಿಕೆಟ್ ಒಂದೇ ಕಡೆ ಮಾರೋ ಸೈಟ್ ಒಳ್ಳೇದಾ ಇಲ್ಲಾ ಆಯಾ ದೇಶದ ರೈಲ್ವೇ ಸೈಟಾ ಅಂತ ಕೇಳಿದೀರಲ್ಲ, ಹೋದ್ವರ್ಷ ಹೆಂಡ್ತಿ, ಇಬ್ರು ಮಕ್ಳು, ಅಮ್ಮನ್ನ ಕರ್ಕೊಂಡು ಹೆಚ್ಚುಕಮ್ಮಿ ಇದೇ ರೂಟಲ್ಲಿ ಸುತ್ತಿ ಬಂದೋನು ನಾನು, ಅದಕ್ಕೇ ಬರೀತಿದೀನಿ.

ಮೊದ್ಲು ಐಆರ್‌ಸಿಟಿಸಿನ ತಲೆಯಿಂದ ತೆಗ್ದಾಕಿ. ಯುರೋಪಲ್ಲಿ ನಮ್ ಥರ ವೇಟಿಂಗ್ ಲಿಸ್ಟು, ತತ್ಕಾಲ್ ಏನೂ ಇಲ್ಲ. ದೂರದ ಸ್ಪೀಡ್ ಟ್ರೇನ್‌ಗಳ ರೇಟು ವಿಮಾನದ ಥರ, ದಿನ ಹತ್ರ ಬಂದಷ್ಟೂ ಏರುತ್ತೆ. ಇಟಲಿಯ ಲೋಕಲ್ ಥರದ ಟ್ರೇನ್‌ಗೆ ಮಾತ್ರ ಯಾವತ್ತು ತಗೊಂಡ್ರೂ ಅದೇ ರೇಟು, ಅದಕ್ಕೆ ಇಲ್ಲಿಂದ್ಲೇ ಒದ್ದಾಡ್ಬೇಡಿ.

ಯಾವ ಟ್ರೇನ್ ಇದೆ, ಎಷ್ಟು ಹೊತ್ತಿಗೆ ಅಂತ ನೋಡೋಕೆ ಜರ್ಮನಿಯ ರೈಲ್ವೇ ಡಾಯ್ಚ ಬಾನ್ ಸೈಟು ಸಾಕು, ಟಿಕೆಟ್ ಅಲ್ಲಿ ಸಿಗ್ದಿದ್ರೂ ಯುರೋಪಿನ ಬಹುಪಾಲು ಟ್ರೇನ್ ಟೈಮಿಂಗ್ ಅದ್ರಲ್ಲಿ ಸಿಗುತ್ತೆ, ಇಂಗ್ಲಿಷಲ್ಲೂ ಇದೆ. ಪ್ಯಾರಿಸ್-ಮ್ಯೂನಿಕ್‌ನ ಡಾಯ್ಚ ಬಾನ್, ಫ್ರಾನ್ಸ್ ರೈಲ್ವೇಯ ಸೈಟು ಎಸ್‌ಎನ್‌ಸಿಎಫ್ ಕನೆಕ್ಟ್ ಎರಡರಲ್ಲೂ ನೋಡಿ, ನಾನು ನೋಡ್ದಾಗ ಒಂದೇ ಟ್ರೇನ್‌ಗೆ ಬೇರೆಬೇರೆ ರೇಟಿತ್ತು, ಯಾಕೆ ಅಂತ ತಲೆ ಕೆಡಿಸ್ಕೊಳ್ಳದೆ ಕಮ್ಮಿ ಇದ್ದ ಕಡೆ ತಗೊಂಡೆ. ಜರ್ಮನಿ ಒಳಗೆ ಓಡಾಡೋದಾದ್ರೆ ದೂರದ ಟ್ರೇನಲ್ಲಿ 14 ವರ್ಷದ ತನಕ ಮಕ್ಳು ದೊಡ್ಡೋರ ಜೊತೆ ಫ್ರೀ, ಆದ್ರೆ 6 ತುಂಬಿದ ಮಕ್ಳನ್ನ ಬುಕ್ ಮಾಡೋವಾಗ್ಲೇ ಟಿಕೆಟಲ್ಲಿ ಸೇರಿಸ್ಬೇಕು. ಕಮ್ಮಿ ರೇಟಿನ ಸ್ಪಾರ್‌ಪ್ರೈಸ್ ಟಿಕೆಟ್ ಆ ಒಂದು ಟ್ರೇನ್‌ಗೆ ಮಾತ್ರ, ಕಾಫಿ ಕುಡೀತಾ ಕೂತು ಮಿಸ್ ಮಾಡ್ಕೊಂಡ್ರೆ ದುಡ್ಡು ಹೋಯ್ತು.

ಓಮಿಯೋ, ಟ್ರೈನ್‌ಲೈನ್ ಥರದ ಮಧ್ಯದೋರ ಸೈಟು ಕೆಟ್ಟದ್ದು ಅಂತೇನಿಲ್ಲ, ಸರ್ವಿಸ್ ಫೀ ಅಂತ ಒಂದಿಷ್ಟು ಸೇರಿಸ್ತಾರೆ ಅಷ್ಟೇ. ಬಿಸಿ ತಟ್ಟೋದು ಟ್ರೇನ್ ಕೈ ಕೊಟ್ಟಾಗ. ನಾನು ಒಂದು ತುಂಡು ಪ್ರಯಾಣಕ್ಕೆ ಅಂಥದೊಂದು ಸೈಟಲ್ಲಿ ತಗೊಂಡಿದ್ದೆ, ಹೆಸ್ರು ಬೇಡ ಬಿಡಿ, ಟ್ರೇನ್ ಕ್ಯಾನ್ಸಲ್ ಆಯ್ತು, ಸ್ಟೇಷನ್ ಕೌಂಟರಲ್ಲಿ ಕೇಳಿದ್ರೆ ರೀಫಂಡ್‌ನ ನೀವು ಕೊಂಡ ಕಡೆನೇ ಕೇಳಿ ಅಂದ್ರು, ಸೈಟಿನೋರಿಗೆ ಮೇಲ್ ಹಾಕಿದ್ರೆ ರೈಲ್ವೇಯಿಂದ ನಮ್ಗೆ ಬಂದ್ಮೇಲೆ ಕೊಡ್ತೀವಿ ಅಂದ್ರು, ಊರಿಗೆ ವಾಪಸ್ ಬಂದು ಎಷ್ಟೋ ದಿನಕ್ಕೆ ದುಡ್ಡು ಬಂತು. ಯುರೋಪಿಯನ್ ಯೂನಿಯನ್ ನಿಯಮದ ಪ್ರಕಾರ 60 ನಿಮಿಷ ಲೇಟಾದ್ರೆ ಟಿಕೆಟ್ ದುಡ್ಡಲ್ಲಿ 25%, 120 ನಿಮಿಷಕ್ಕೆ 50% ಕೇಳ್ಬಹುದು, ರೈಲ್ವೇ ಹತ್ರಾನೇ ಕೊಂಡಿದ್ರೆ ಅದನ್ನ ಕೇಳೋದೂ ಸಲೀಸು.

ಇಟಲಿಗೆ ಮಾತ್ರ ಟ್ರೈನ್‌ಲೈನ್ ಥರದ್ದು ಉಪಯೋಗಕ್ಕೆ ಬರುತ್ತೆ, ಯಾಕಂದ್ರೆ ಅಲ್ಲಿ ಸರ್ಕಾರಿ ಟ್ರೆನಿಟಾಲಿಯಾ, ಪ್ರೈವೇಟ್ ಇಟಾಲೋ ಎರಡೂ ಒಂದೇ ಹಳಿ ಮೇಲೆ ಪೈಪೋಟಿಗೆ ಬಿದ್ದಿವೆ, ಒಬ್ರ ಸೈಟಲ್ಲಿ ಇನ್ನೊಬ್ರ ಸ್ಪೀಡ್ ಟ್ರೇನ್ ಕಾಣಲ್ಲ. ಟ್ರೈನ್‌ಲೈನಲ್ಲಿ ಎರಡೂ ಒಟ್ಟಿಗೆ ನೋಡಿ, ಆಮೇಲೆ ಅವರವರ ಸೈಟಿಗೇ ಹೋಗಿ ತಗೊಳ್ಳಿ.

ಕಾರ್ಡಲ್ಲಿ ಇಂಟರ್‌ನ್ಯಾಷನಲ್ ಆನ್‌ಲೈನ್ ಪೇಮೆಂಟನ್ನ ಬ್ಯಾಂಕ್ ಆಪಲ್ಲಿ ಆನ್ ಮಾಡ್ಕೊಳ್ಳಿ, ಇಲ್ದಿದ್ರೆ ಎಲ್ಲಾ ಹೆಸ್ರು ತುಂಬ್ಸಿ ಕೊನೇಲಿ ಫೇಲ್ ಆಗುತ್ತೆ. ರೂಪಾಯಲ್ಲಿ ಕಟ್ತೀರಾ ಅಂತ ಕೇಳಿದ್ರೆ ಬೇಡ ಅನ್ನಿ, ಯೂರೋದಲ್ಲೇ ಕಟ್ಟಿ.

ಇನ್ನೊಂದು, ಸ್ಟೇಷನ್ ಹೆಸ್ರು ಪೂರ್ತಿ ಓದಿ. ವೆನಿಸ್‌ಗೆ ಮೆಸ್ತ್ರೆ ಅಂತೊಂದು, ಸಾಂತಾ ಲೂಚಿಯಾ ಅಂತೊಂದು ಇದೆ, ಕಾಲುವೆ ಇರೋದು ಎರಡನೇದ್ರಲ್ಲಿ. ನಾನು ಅಗ್ಗ ಅಂತ ಮೊದಲನೇದಕ್ಕೆ ಬುಕ್ ಮಾಡಿ ನಾಲ್ಕು ಸೂಟ್‌ಕೇಸ್ ಇಳಿಸ್ಕೊಂಡು ಹೊರಗೆ ಬಂದ್ರೆ ಬಸ್ಸು, ಟ್ಯಾಕ್ಸಿ, ಸಿಗ್ನಲ್ಲು. ಅಮ್ಮ ಸುತ್ತ ನೋಡಿ "ನೀರೆಲ್ಲೋ?" ಅಂದ್ರು.