43 ಇಂಚಿನ ಟಿವಿ ನೋಡಲು ಹೋಗುವಾಗ ಜೇಬಿನಲ್ಲಿ ಒಂದು ಪೆನ್‌ಡ್ರೈವ್ ಇರಲಿ

43 ಇಂಚಿನ ಸ್ಮಾರ್ಟ್ ಟಿವಿ ಬೇಕು, ಮೂವತ್ತು ಸಾವಿರದೊಳಗೆ ಆಗಬೇಕು, ಆದರೆ ಅಂಗಡಿಯಲ್ಲಿ ಎಲ್ಲವೂ ಚೆನ್ನಾಗಿಯೇ ಕಾಣುತ್ತವೆ, ನಿಜಕ್ಕೂ ಯಾವುದು ಚೆನ್ನಾಗಿದೆ ಅಂತ ತಿಳಿಯೋದು ಹೇಗೆ ಅಂತ ಕೇಳಿದ್ದೀರಿ. ನಾನು ಬಾಗಲಕೋಟೆ ನವನಗರದವನು. ಹೋದ ವರ್ಷ ಇದೇ ಅಳತೆಯದು ತಂದೆವು. ಅದಕ್ಕೂ ಮೊದಲು ಒಂದು ಟಿವಿ ತಂದು ಕೈ ಸುಟ್ಟುಕೊಂಡಿದ್ದೆ. ಹಾಗಾಗಿ ಎರಡನೇ ಸಲ ನಾಲ್ಕು ದಿನ ಓಡಾಡಿ, ನೋಡಿ ತಂದೆ.

ಅಂಗಡಿಯಲ್ಲಿ ಓಡುವ ವಿಡಿಯೊ ನೋಡಿ ಮಾತ್ರ ತೀರ್ಮಾನ ಮಾಡಬೇಡಿ. ಗಿಳಿ, ಹಣ್ಣು, ಸಮುದ್ರ ತೋರಿಸುವ ಆ ವಿಡಿಯೊ ಟಿವಿ ಮಾರುವುದಕ್ಕಾಗಿಯೇ ತಯಾರಾದದ್ದು. ಜೊತೆಗೆ ಟಿವಿಯನ್ನು 'ವಿವಿಡ್' ಮೋಡ್‌ನಲ್ಲಿ ಇಟ್ಟಿರುತ್ತಾರೆ. ಟ್ಯೂಬ್‌ಲೈಟ್ ಬೆಳಕಿನಲ್ಲಿ ಎದ್ದು ಕಾಣಲಿ ಅಂತ ಬಣ್ಣ, ಬೆಳಕು ಎರಡನ್ನೂ ಏರಿಸುವ ಮೋಡ್ ಅದು. "ಕಲರ್ ನೋಡ್ರಿ ಸರ, ಹ್ಯಾಂಗ ಹೊಡೀತೈತಿ" ಅಂದರು ನನಗೆ. ಮೊದಲ ಟಿವಿ ಕೊಂಡದ್ದು ಆ ಮಾತಿಗೇ. ಮನೆಗೆ ತಂದ ಮೇಲೆ ರಾತ್ರಿ ಹೊತ್ತು ಕಣ್ಣು ಉರಿಯುತ್ತಿತ್ತು.

ಎರಡನೇ ಸಲ ಪೆನ್‌ಡ್ರೈವ್‌ಗೆ ನನ್ನದೇ ಮೂರು ಫೋಟೊ ಹಾಕಿಕೊಂಡು ಹೋದೆ. ಒಂದು, ಅವ್ವನ ಇಳಕಲ್ ಸೀರೆ. ಎರಡು, ಗುಳೇದಗುಡ್ಡದ ಖಣ (ರವಿಕೆ ಬಟ್ಟೆ), ಹತ್ತಿರದಿಂದ ತೆಗೆದದ್ದು. ಮೂರು, ಬಾದಾಮಿಯ ಮೂರನೇ ಗುಹೆಯ ಒಳಗಿನದು. ಇವನ್ನೇ ಯಾಕೆ ಅಂದರೆ, ಇವುಗಳ ಬಣ್ಣ ನನ್ನ ಕಣ್ಣಿಗೆ ಗೊತ್ತು. ಗಿಳಿ ನಿಜವಾಗಿ ಎಷ್ಟು ಹಸಿರು ಅಂತ ನನಗೇನು ಗೊತ್ತು? ಅವ್ವನ ಸೀರೆಯನ್ನಂತೂ ಚಿಕ್ಕಂದಿನಿಂದ ನೋಡಿದ್ದೇನೆ. ಒಂದು ಎಚ್ಚರಿಕೆ: ಫೋನೂ ಬಣ್ಣ ಹೆಚ್ಚು ಮಾಡುತ್ತದೆ. ಫೋಟೊ ತೆಗೆದ ಮೇಲೆ ಬಟ್ಟೆಯ ಪಕ್ಕದಲ್ಲೇ ಹಿಡಿದು ನೋಡಿ, ಸರಿಯಾಗಿ ಬಂದದ್ದನ್ನೇ ಇಟ್ಟುಕೊಳ್ಳಿ.

ವಿವಿಡ್ ಮೋಡ್‌ನಲ್ಲಿ ಸೆರಗಿನ ಕೆಂಪು ರಾಣಿ ಬಣ್ಣಕ್ಕೆ ತಿರುಗಿತು. ಸೆರಗಿನ ಮೇಲಿನ ತೋಪು ತೆನೆ ವಿನ್ಯಾಸದ ಬಿಳುಪು, ನೀಲಿ ಜಾಸ್ತಿ ಹಾಕಿ ಒಗೆದ ಅಂಗಿಯಂತೆ ಕಂಡಿತು. ಅಂಗಡಿಯ ಹುಡುಗನಿಗೆ ಹೇಳಿ 'ಮೂವಿ' ಮೋಡ್‌ಗೆ ಹಾಕಿಸಿದೆ. ಕೆಲವು ಕಂಪನಿಗಳು ಇದನ್ನು 'ಸಿನಿಮಾ' ಅಥವಾ 'ಫಿಲ್ಮ್‌ಮೇಕರ್' ಅನ್ನುತ್ತವೆ. ಮೊದಲ ನೋಟಕ್ಕೆ ಮಂಕು ಅನ್ನಿಸಿತು. ಎರಡು ನಿಮಿಷ ನೋಡುತ್ತಾ ನಿಂತೆ. ಆಮೇಲೆ ಅವ್ವನ ಸೀರೆ ಅವ್ವನ ಸೀರೆಯಂತೆಯೇ ಕಂಡಿತು. ಅಲ್ಲಿದ್ದ ನಾಲ್ಕು ಟಿವಿಗಳಲ್ಲಿ ಎರಡು ಈ ಮೋಡ್‌ನಲ್ಲೂ ಕೆಂಪನ್ನು ಸರಿಯಾಗಿ ತೋರಿಸಲಿಲ್ಲ. ಆ ಎರಡನ್ನು ಅಲ್ಲೇ ಕೈಬಿಟ್ಟೆ.

ಖಣದ ಫೋಟೊ ನೋಡುವುದು ಅದರ ಸಣ್ಣ ನೇಯ್ಗೆಗಾಗಿ. 'ಶಾರ್ಪ್‌ನೆಸ್' ಏರಿಸಿಟ್ಟ ಟಿವಿಯಲ್ಲಿ ಪ್ರತಿ ಹೂವಿನ ಸುತ್ತ ಬಿಳಿ ಗೆರೆ ಮೂಡುತ್ತದೆ. ಅದು ಸ್ಪಷ್ಟತೆ ಅಲ್ಲ, ಟಿವಿ ತಾನೇ ಸೇರಿಸಿದ್ದು. ಇಳಿಸಿದರೆ ಗೆರೆ ಹೋಗಬೇಕು, ನೇಯ್ಗೆ ಉಳಿಯಬೇಕು.

ಮೂರನೇ ಗುಹೆ ಕ್ರಿ.ಶ. 578ರದು. ಒಳಗೆ ಹೋದಷ್ಟೂ ಕತ್ತಲೆ, ಹೊರಗೆ ಕೆಂಪು ಕಲ್ಲಿನ ಮೇಲೆ ಬಿಸಿಲು. ಒಂದು ಟಿವಿಯಲ್ಲಿ ಒಳಗಿನ ಕಂಬಗಳು ಕತ್ತಲಲ್ಲಿ ಮುಳುಗಿಹೋದವು. ಇನ್ನೊಂದರಲ್ಲಿ ಕಂಬ ಕಂಡವು, ಆದರೆ ಕತ್ತಲೆಗೇ ಬೂದಿ ಬಳಿದಂತಿತ್ತು. ಇದಕ್ಕೆ ದೊಡ್ಡ ಕಾರಣ ಪ್ಯಾನೆಲ್, ಅಂದರೆ ಚಿತ್ರ ಮೂಡಿಸುವ ಪರದೆ. ಅದರಲ್ಲಿ ವಿಎ, ಐಪಿಎಸ್ ಅಂತ ಎರಡು ಬಗೆ ಹೆಚ್ಚಾಗಿ ಸಿಗುತ್ತವೆ. ವಿಎ ಪ್ಯಾನೆಲ್‌ನಲ್ಲಿ ಕಪ್ಪು ಗಾಢವಾಗಿರುತ್ತದೆ, ಕಾಂಟ್ರಾಸ್ಟ್ (ಬಿಳಿಗೂ ಕಪ್ಪಿಗೂ ಇರುವ ಬೆಳಕಿನ ಅನುಪಾತ) ಸುಮಾರು 3,000ಕ್ಕೆ 1 ಅಥವಾ ಇನ್ನೂ ಹೆಚ್ಚು. ಐಪಿಎಸ್‌ನಲ್ಲಿ ಸುಮಾರು 1,000ಕ್ಕೆ 1. ಆದರೆ ವಿಎ ಟಿವಿಯನ್ನು ಪಕ್ಕದಿಂದ ನೋಡಿದರೆ ಬಣ್ಣ ತೆಳುವಾಗುತ್ತದೆ. ಐಪಿಎಸ್‌ನಲ್ಲಿ ಅಷ್ಟು ಆಗುವುದಿಲ್ಲ. ನಮ್ಮ ಪಡಸಾಲೆಯಲ್ಲಿ ಅಪ್ಪನ ಖುರ್ಚಿ ಬಾಗಿಲ ಪಕ್ಕ, ಟಿವಿಗೆ ಓರೆಯಾಗಿ ಇದೆ. ದಿನಕ್ಕೆ ಜಾಸ್ತಿ ಹೊತ್ತು ಟಿವಿ ನೋಡುವವರು ಅವರೇ. ಹಾಗಾಗಿ ಕಪ್ಪು ಸ್ವಲ್ಪ ಕಡಿಮೆ ಆದರೂ ಪರವಾಗಿಲ್ಲ ಅಂತ ಐಪಿಎಸ್ ತಂದೆ. ನೀವು ನೇರ ಎದುರಿಗೇ ಕೂರುವವರಾದರೆ, ರಾತ್ರಿ ದೀಪ ಆರಿಸಿ ಸಿನಿಮಾ ನೋಡುವವರಾದರೆ, ವಿಎ ತಗೊಳ್ಳಿ. ಅಂಗಡಿಯಲ್ಲೂ ಎದುರಿಗೆ ಮಾತ್ರ ನಿಂತು ನೋಡಬೇಡಿ. ನಿಮ್ಮ ಮನೆಯವರು ಕೂರುವ ಓರೆಗೇ ಹೋಗಿ ನಿಂತು ನೋಡಿ.

ಇನ್ನು 4ಕೆ ವಿಷಯ. ಇದನ್ನು ಯಾರೂ ಹೇಳುವುದಿಲ್ಲ, ಅದಕ್ಕೇ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಕೇಬಲ್ ಅಥವಾ ಡಿಶ್‌ನ ಸಾಮಾನ್ಯ ಚಾನೆಲ್‌ನ ಚಿತ್ರದಲ್ಲಿ ಹೆಚ್ಚೆಂದರೆ 720 × 576 ಚುಕ್ಕೆ ಇರುತ್ತವೆ. 4ಕೆ ಪರದೆಯಲ್ಲಿ 3840 × 2160. ಲೆಕ್ಕ ಹಾಕಿದರೆ ಸರಿಯಾಗಿ ಇಪ್ಪತ್ತು ಪಟ್ಟು. ಅಂದರೆ ಬಂದ ಒಂದು ಚುಕ್ಕೆಯಿಂದ ಟಿವಿ ಇಪ್ಪತ್ತು ಚುಕ್ಕೆ ತುಂಬಿಸಬೇಕು. ಒಳಗಿನ ಚಿಪ್ ಚೆನ್ನಾಗಿಲ್ಲದಿದ್ದರೆ ವಾರ್ತೆ ಓದುವವರ ಮುಖ ಮೇಣದಂತೆ ಕಾಣುತ್ತದೆ. ನಮ್ಮ ಮನೆಗಳಲ್ಲಿ ಸಂಜೆ ಓಡುವುದು ಧಾರಾವಾಹಿ, ವಾರ್ತೆ, ಚಂದನ, ಅಲ್ವಾ? ಹಾಗಿದ್ದರೆ ಅಂಗಡಿಯಲ್ಲಿ ಸೆಟ್‌ಟಾಪ್ ಬಾಕ್ಸ್ ಹಚ್ಚಿಸಿ, ಎಚ್‌ಡಿ ಅಲ್ಲದ ಕನ್ನಡ ಚಾನೆಲ್ ಒಂದನ್ನು ಹಾಕಿಸಿ ನೋಡಿ. ನಾನು ತಂದ ಐಪಿಎಸ್ ಟಿವಿಯನ್ನೂ ಹೀಗೆ ನೋಡಿಯೇ ಖಚಿತ ಮಾಡಿಕೊಂಡದ್ದು. ಕೂರುವ ದೂರವನ್ನೂ ಅಳೆಯಿರಿ. ಸಾಮಾನ್ಯ ಕಣ್ಣಿಗೆ 43 ಇಂಚಿನಲ್ಲಿ ಫುಲ್ ಎಚ್‌ಡಿಗೂ 4ಕೆಗೂ ವ್ಯತ್ಯಾಸ ತಿಳಿಯುವುದು ಸುಮಾರು ಐದೂವರೆ ಅಡಿಯ ಒಳಗೆ. ನಾವು ಕೂರುವುದು ಎಂಟು ಅಡಿ ದೂರ.

ಡಬ್ಬಿಯ ಮೇಲಿನ ಎಚ್‌ಡಿಆರ್ (ಹೊಳಪು, ಕತ್ತಲೆ ಎರಡನ್ನೂ ಹೆಚ್ಚು ತೋರಿಸುವ ತಂತ್ರ) ಅನ್ನುವುದನ್ನು ನೋಡಿ ದುಡ್ಡು ಜಾಸ್ತಿ ಕೊಡಬೇಡಿ. ಎಚ್‌ಡಿಆರ್ ಚಿತ್ರಗಳನ್ನು ಸಾಮಾನ್ಯವಾಗಿ 1,000 ನಿಟ್ಸ್ (ನಿಟ್ಸ್ ಅಂದರೆ ಪರದೆಯ ಬೆಳಕಿನ ಅಳತೆ) ಬೆಳಕಿಗೆ ಹೊಂದಿಸಿರುತ್ತಾರೆ. ಈ ಬೆಲೆಯ ಹೆಚ್ಚಿನ ಟಿವಿಗಳು 250ರಿಂದ 300 ನಿಟ್ಸ್‌ನವು. ಸಿಗ್ನಲ್ ಬರುತ್ತದೆ, ಆ ಹೊಳಪು ಬರುವುದಿಲ್ಲ. ಬೆಳಕು ಮುಖ್ಯವಾಗುವುದು ಬೇರೆ ಕಾರಣಕ್ಕೆ. ಏಪ್ರಿಲ್ ತಿಂಗಳ ನಮ್ಮ ಬಿಸಿಲು ನಿಮಗೂ ಗೊತ್ತು. ಟಿವಿ ಎದುರು ಕಿಟಕಿ ಇದ್ದರೆ ಮಧ್ಯಾಹ್ನ ಮುಖ ಕಾಣುವ ಕನ್ನಡಿಯೇ ಆಗುತ್ತದೆ. ಪರದೆ ಹೊಳೆಯುವಂಥದ್ದೋ ಮಂದವಾದದ್ದೋ ನೋಡಿಕೊಳ್ಳಿ.

ಕ್ರಿಕೆಟ್ ನೋಡುವವರಾದರೆ 'ಎಂಇಎಂಸಿ' (ಚಿತ್ರಗಳ ನಡುವೆ ಟಿವಿ ತಾನೇ ಹೊಸ ಚಿತ್ರ ಸೇರಿಸುವುದು) ಇರಲಿ, ಚೆಂಡಿನ ಹಿಂದೆ ಬಾಲ ಕಡಿಮೆ ಆಗುತ್ತದೆ. ಸಿನಿಮಾ ನೋಡುವಾಗ ಅದನ್ನು ಆಫ್ ಮಾಡಿ. ಸೆಕೆಂಡಿಗೆ 24 ಚಿತ್ರದ ಸಿನಿಮಾ ಅದರಲ್ಲಿ ಧಾರಾವಾಹಿಯಂತೆ ಕಾಣುತ್ತದೆ.

ಸ್ಮಾರ್ಟ್ ಭಾಗದಲ್ಲಿ ನಾನು ಪೆಟ್ಟು ತಿಂದದ್ದು ರ್‍ಯಾಮ್‌ನಲ್ಲಿ. ಮೊದಲ ಟಿವಿಯಲ್ಲಿ 1 ಜಿಬಿ ಇತ್ತು. ಎರಡು ವರ್ಷಕ್ಕೆ ಯೂಟ್ಯೂಬ್ ತೆರೆಯಲು ಅರ್ಧ ನಿಮಿಷ ಬೇಕಾಯಿತು. ಆಮೇಲೆ ಅಪ್‌ಡೇಟ್ ಬರುವುದೂ ನಿಂತಿತು. ಅಪ್ಪ ಬೇಸರಗೊಂಡು ರಿಮೋಟ್ ಮುಟ್ಟುವುದನ್ನೇ ಬಿಟ್ಟರು. ಅದು ನನಗೆ ತುಂಬಾ ಬೇಜಾರಾಯಿತು. 2 ಜಿಬಿಗಿಂತ ಕಡಿಮೆ ಬೇಡ. ಫೋನಿನ ಹಾಟ್‌ಸ್ಪಾಟ್ ಕೊಟ್ಟು ಅಂಗಡಿಯಲ್ಲೇ ಆ್ಯಪ್ ತೆರೆದು ನೋಡಿ. 5 ಗಿಗಾಹರ್ಟ್ಸ್ ವೈಫೈ ಇರಲಿ. ನೆಟ್‌ಫ್ಲಿಕ್ಸ್ 4ಕೆಗೆ 15 ಎಂಬಿಪಿಎಸ್ ಬೇಕು ಅನ್ನುತ್ತದೆ.

ಧ್ವನಿ ಈ ಬೆಲೆಯಲ್ಲಿ ಸಾಧಾರಣವೇ. ಎಚ್‌ಡಿಎಂಐ ಎಆರ್‌ಸಿ (ಟಿವಿಯ ಧ್ವನಿಯನ್ನು ಹೊರಗಿನ ಸ್ಪೀಕರ್‌ಗೆ ಕಳಿಸುವ ಕಿಂಡಿ) ಇದ್ದರೆ ಮುಂದೆ ಸೌಂಡ್‌ಬಾರ್ ಹಚ್ಚಬಹುದು.

ಬೆಲೆ ಮಾತಾಡುವಾಗ ಒಂದು ನೆನಪಿರಲಿ. 2025ರ ಸೆಪ್ಟೆಂಬರ್ 22ರಿಂದ 32 ಇಂಚಿಗಿಂತ ದೊಡ್ಡ ಟಿವಿಗೆ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿದಿದೆ. ಹಳೆಯ ದರಪಟ್ಟಿ ತೋರಿಸಿ 'ಡಿಸ್ಕೌಂಟ್' ಅಂದರೆ ಬಿಲ್‌ನಲ್ಲಿ ತೆರಿಗೆ ಎಷ್ಟು ಹಾಕುತ್ತಾರೆ ಅಂತ ಮೊದಲೇ ಕೇಳಿ.

ನಿಮ್ಮ ಮನೆಯಲ್ಲಿ ಯಾರು ಎಲ್ಲಿ ಕೂರುತ್ತಾರೆ, ಕಿಟಕಿ ಯಾವ ಕಡೆ ಇದೆ, ಬಾಕ್ಸ್ ಎಚ್‌ಡಿಯದೋ ಹಳೆಯದೋ, ಇಷ್ಟು ಬರೆಯಿರಿ. ನೀವು ನೋಡಿ ಬಂದ ಮಾಡೆಲ್‌ಗಳ ನಂಬರ್ ಹಾಕಿದರೆ ಕೂತು ಹೋಲಿಸಿ ಹೇಳುತ್ತೇನೆ.